ಹೊಸತೊಡಕಿನ ಕುರಿ, ನಲವತ್ತು ದಿನದ ಕೋಳಿ

ಯುಗಾದಿ ದಿನ ಬೇವು-ಬೆಲ್ಲ, ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ ಎಲ್ಲ ಸರಿ. ಆದರೆ ನಮ್ಮ ಮಂಡ್ಯ, ರಾಮನಗರದ ಕಡೆ ನಿಜವಾದ ಗದ್ದಲ ಇರೋದು ಮಾರನೆಯ ದಿನ, ಅಲ್ವಾ? ಹೊಸತೊಡಕು! ಇನ್ನೂ ಬೆಳಕು ಹರಿದಿರೋಲ್ಲ, ಮಟನ್ ಅಂಗಡಿ ಮುಂದೆ ಸ್ಟೀಲ್ ಡಬ್ಬಿ ಹಿಡಿದವರ ಸಾಲು ಬೀದಿ ತಿರುವು ದಾಟಿರುತ್ತೆ. ಹಳ್ಳಿಗಳಲ್ಲಾದರೆ ಗುಡ್ಡೆ ಮಾಂಸ. ವರ್ಷವಿಡೀ ತಿಂಗಳಿಗಿಷ್ಟು ಅಂತ ಚೀಟಿ ಕಟ್ಟಿ, ಕೂಡಿದ ದುಡ್ಡಲ್ಲಿ ಸಂತೆಗೆ ಹೋಗಿ ಕುರಿ ತರ್ತಾರೆ. ಆಮೇಲೆ ತೆಂಗಿನ ಗರಿಯೋ ಬಾಳೆ ಎಲೆಯೋ ಹಾಸಿ ಪಾಲು ಹಾಕ್ತಾರೆ. ಆ ಪಾಲು ಹಾಕೋದನ್ನ ನಿಂತು ನೋಡಿದ್ದೀರಾ? ಈಲಿ ಒಂದು ಚೂರು, ತೊಡೆಯದು ಒಂದು ಚೂರು, ಮೂಳೆ ಒಂದಿಷ್ಟು, ಕೊಬ್ಬು ಒಂದಿಷ್ಟು. ಒಂದು ಗುಡ್ಡೆಗೆ ಬಿದ್ದದ್ದು ಎಲ್ಲ ಗುಡ್ಡೆಗೂ ಬೀಳಲೇಬೇಕು. ದೊಡ್ಡ ಮನೆಯವರಿಗೂ ಅಷ್ಟೇ, ಕೂಲಿಯವರಿಗೂ ಅಷ್ಟೇ. ನಾನು ಮಾಂಸ ಮುಟ್ಟೋದಿಲ್ಲ, ಆದರೂ ಆ ಹಂಚಿಕೆಯ ನ್ಯಾಯ ನೋಡಿದರೆ ಮನಸ್ಸು ತುಂಬುತ್ತೆ.

ಹುಟ್ಟಿದಾಗಿನಿಂದ ಸೊಪ್ಪು, ಸಾರು, ಮಜ್ಜಿಗೆಯ ಮನೆ ನಮ್ಮದು. ನಾನು ಯೋಚನೆ ಮಾಡಿ ಆರಿಸಿಕೊಂಡದ್ದಲ್ಲ, ಅಮ್ಮ ತಟ್ಟೆಗೆ ಹಾಕಿದ್ದು ಉಂಡೆ. ಹಾಗಾಗಿ ಅದನ್ನ ದೊಡ್ಡಸ್ತಿಕೆ ಅಂತ ಯಾವತ್ತೂ ಅಂದುಕೊಂಡಿಲ್ಲ. ಬಾಡಿಗೆ ಮನೆ ಮುಂದೆ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು ನೇತುಹಾಕ್ತಾರಲ್ಲ, ಅದನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕು ಅಂತ ಕೇಳಿದಾಗ ಎಷ್ಟು ಜನ ಮೂಗು ಮುರಿದರು! ಮನೆಗೆ ಬಂದ ನೆಂಟರಿಗೆ ತಾವು ಹಬ್ಬಕ್ಕೆ ಉಣ್ಣೋದನ್ನೇ ಬಡಿಸ್ತೀವಿ ಅಂತ ಮಂಡ್ಯದವರು ಅಂದದ್ದು ತಪ್ಪೇನು? ಒಬ್ಬರ ತಟ್ಟೆ ನೋಡಿ ಅವರ ಯೋಗ್ಯತೆ ಅಳೆಯೋ ಬುದ್ಧಿ ನಮ್ಮಲ್ಲಿ ಹಳೇದು, ಅದು ಹೋಗಬೇಕು. ನನ್ನ ಸಂಕಟ ತಿನ್ನೋರ ಮೇಲಲ್ಲ, ಸಾಕಿಸಿಕೊಳ್ಳೋ ಪ್ರಾಣಿಯ ಕಡೆಗೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ, ಆಯ್ತಾ?

ನಮ್ಮ ಪಕ್ಕದ ಮನೆಯವರು ಹೊಸತೊಡಕಿಗೆ ಹದಿನೈದು ದಿನ ಮುಂಚೆನೇ ಒಂದು ಕುರಿ ತಂದು ಸೀಬೆ ಮರಕ್ಕೆ ಕಟ್ಟಿಬಿಡ್ತಾರೆ. ಹಬ್ಬ ಹತ್ತಿರ ಬಂದರೆ ಸಂತೆಯಲ್ಲಿ ರೇಟು ಏರುತ್ತೆ ಅನ್ನೋದು ಒಂದು. ಹುರುಳಿ, ಹಿಂಡಿ ಹಾಕಿ ಒಂದಿಷ್ಟು ಮೈ ತುಂಬಿಸೋದು ಇನ್ನೊಂದು. ತರೋದು ಬನ್ನೂರು ಕುರಿನೇ. ಬಂಡೂರು ಕುರಿ ಅಂತಲೂ ಕರೀತಾರಲ್ಲ, ಅದೇ. ಮಂಡ್ಯ ತಳಿ ಅಂತ ಅದರ ಸರ್ಕಾರಿ ಹೆಸರು. ಮಳವಳ್ಳಿ, ತಿ. ನರಸೀಪುರದ ಸುತ್ತಮುತ್ತಲಿನದು. ಗಿಡ್ಡ ಕಾಲು, ದುಂಡು ಮೈ, ಕೊಂಬಿಲ್ಲದ ತಲೆ, ಮುಖದ ಮೇಲೆ ತಿಳಿ ಕಂದು ಬಣ್ಣ. ಹಿಂದಿನಿಂದ ನೋಡಿದರೆ ಲಾಳ ಮಗುಚಿಟ್ಟ ಹಾಗೆ ಕಾಣುತ್ತೆ. ತಳಿ ಪರೀಕ್ಷೆ ಮಾಡೋರು ಕೂಡ ಆ ಹಿಂಭಾಗ ನೋಡಿಯೇ ಹೌದು-ಅಲ್ಲ ಅಂತ ತೀರ್ಮಾನ ಹೇಳ್ತಾರೆ! ಮಾಂಸದ ರುಚಿಗೆ ಅಂತ ಹೆಸರು ಮಾಡಿದ ತಳಿ ಅದು. ಪಾಪ, ಅದಕ್ಕೇನು ಗೊತ್ತು ತನ್ನ ಹೆಸರು ಯಾತಕ್ಕೆ ದೊಡ್ಡದು ಅಂತ.

ಕಟ್ಟಿದ ದಿನದಿಂದಲೇ ಅದರ ತಲೆ ಬೇಲಿಯಿಂದ ನಮ್ಮ ಕಡೆಗೆ. ಯಾಕಂದ್ರೆ ದಾಸವಾಳ ಇರೋದು ನಮ್ಮ ಕಡೆ. ಮೊದಲ ದಿನ ಮೊಗ್ಗು, ಎರಡನೇ ದಿನ ಎಲೆ, ಮೂರನೇ ದಿನಕ್ಕೆ ಎಳೇ ಕಡ್ಡಿನೂ ಖಾಲಿ. ನಾನೇ ಒಂದು ಹಿಡಿ ಸೊಪ್ಪು ಕಿತ್ತು ಕೊಡ್ತೀನಿ. ಕೈಯಿಂದ ತಿನ್ನುವಾಗ ನೋಡಬೇಕು ನೀವು. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರೋದಿಲ್ಲ, ಗಟ್ಟಿ ಒಸಡು ಅಷ್ಟೇ. ತುಟಿಯಲ್ಲೇ ಸೊಪ್ಪನ್ನ ಬಳಸಿ ಎಳಕೊಂಡು, ಕೆಳಗಿನ ಹಲ್ಲನ್ನ ಆ ಒಸಡಿಗೆ ಒತ್ತಿ ಕತ್ತರಿಸುತ್ತೆ. ಅಂಗೈಗೆ ತಾಗೋದು ಬೆಚ್ಚನೆ ಉಸಿರು, ಒದ್ದೆ ತುಟಿ. ನೋವೇ ಆಗಲ್ಲ. ಇನ್ನು ಆ ಕಣ್ಣು! ಪಾಪೆ ದುಂಡಗಿಲ್ಲ, ಅಡ್ಡಡ್ಡ ಗೆರೆ ಎಳೆದಿದೆ. ಸುತ್ತ ಎಲ್ಲಿಂದ ಯಾರು ಬಂದರೂ ಕಾಣಲಿ ಅಂತ. ತಲೆ ಬಗ್ಗಿಸಿ ಮೇಯುವಾಗ ಆ ಗೆರೆ ವಾಲಬೇಕು ತಾನೇ? ವಾಲೋದಿಲ್ಲ. ಕಣ್ಣುಗುಡ್ಡೆನೇ ತಿರುಗಿ ಗೆರೆಯನ್ನ ನೆಲಕ್ಕೆ ಸಮನಾಗಿ ಇಟ್ಟುಕೊಳ್ಳುತ್ತೆ. ತಲೆ ಎತ್ತಿದರೆ ಮತ್ತೆ ವಾಪಸು. ಬೇಲಿ ಹತ್ತಿರ ಕೂತು ನೋಡ್ತಾ ಇದ್ದರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗೋಲ್ಲ.

ಹಬ್ಬದ ಹಿಂದಿನ ಸಂಜೆ ತೋರಣಕ್ಕೆ ಅಂತ ಅವರು ಮಾವಿನ ಸೊಪ್ಪು ತಂದು ಜಗಲಿ ಮೇಲೆ ಇಟ್ಟಿದ್ದರು. ಹಗ್ಗ ಎಷ್ಟು ದೂರ ಬರುತ್ತೋ ಅಷ್ಟು ದೂರ ಬಂದು, ಕತ್ತು ಚಾಚಿ, ಆ ಕುರಿ ಅರ್ಧ ಸೊಪ್ಪು ಮುಗಿಸಿತ್ತು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಬಸವಣ್ಣನವರು 12ನೇ ಶತಮಾನದಲ್ಲೇ ಈ ಚಿತ್ರವನ್ನ ಕಂಡು ವಚನದೊಳಗೆ ಇಟ್ಟಿದ್ದಾರೆ, ನಿಮಗೂ ಗೊತ್ತಿರೋದೇ. ಹರಕೆಗೆ ಬಂದ ಪ್ರಾಣಿ ಅದೇ ಹಬ್ಬದ ಅಲಂಕಾರವನ್ನ ಆರಾಮಾಗಿ ಮೇಯೋದು. ಕೊನೆಗೆ ಅವರು ಕುರಿಯನ್ನ ಬಿಟ್ಟು, ಕೊಲ್ಲೋರ ಕಡೆಗೇ ತಿರುಗಿ ಒಂದು ಪ್ರಶ್ನೆ ಹಾಕ್ತಾರೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಹತ್ತು ಅಂಕ ತಗೊಂಡ ವಚನ ಅದು. ಅದೇ ಕುರಿ ಎದುರಿಗೆ ನಿಂತು ಎಲೆ ಅಗಿಯುವಾಗ ಅದರ ತೂಕ ಬೇರೆ, ಅಲ್ವಾ?

ಹೊಸತೊಡಕಿನ ಬೆಳಗ್ಗೆ ನಾನು ಹಿತ್ತಲಿಗೆ ಹೋಗೋದಿಲ್ಲ. ಹೋಗೋಕೆ ಆಗೋಲ್ಲ, ಹೊಟ್ಟೆ ಚುರುಕ್ ಅನ್ನುತ್ತೆ. ಪಕ್ಕದ ಮನೆ ಅಜ್ಜಿಗೂ ಹಾಗೇ ಆಗುತ್ತೆ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಜೀವಮಾನವಿಡೀ ಮಾಂಸ ಬೇಯಿಸಿ ಬಡಿಸಿದ ಕೈ ಅದು. ಆದರೂ ಕೊನೆಯ ದಿನ ಕುರಿಗೆ ನೀರು ಇಡೋಕೆ ಮೊಮ್ಮಗನನ್ನ ಕಳಿಸ್ತಾರೆ, ತಾವು ಹೋಗಲ್ಲ. ‘ಮುಖ ನೋಡಿದರೆ ಆಗಲ್ಲ ಕಣವ್ವ’ ಅಂದರು ಒಮ್ಮೆ. ನೋಡಿ, ಮಾಂಸ ತಿನ್ನೋರಿಗೆ ಮನಸ್ಸು ಕಲ್ಲು ಅಂತ ಹೇಳೋರು ಆ ಅಜ್ಜಿ ಮುಂದೆ ಕೂತು ಎರಡು ಮಾತಾಡಬೇಕು. ಆ ದಿನ ಅವರ ಮನೆಯಲ್ಲಿ ಒಲೆ ಹತ್ತಿಸಿದ ಕೂಡಲೇ ಮೊದಲು ಬೇಯೋದು ನನಗೆ ಅಂತ ಶ್ಯಾವಿಗೆ ಪಾಯಸ. ಅದು ಬೇಲಿ ದಾಟಿ ಈಚೆ ಬಂದ ಮೇಲೇ ಮಸಾಲೆ ಅರೆಯೋದು. ನಾನು ಆ ಪಾಯಸ ಉಣ್ತೀನಿ, ಗಂಟಲಲ್ಲಿ ಸಿಕ್ಕಿಕೊಂಡರೂ ಉಣ್ತೀನಿ. ಕುರಿ ನೆನಪಾಗುತ್ತೆ, ಅವರ ಪ್ರೀತಿನೂ ಕಾಣುತ್ತೆ. ಯಾವುದನ್ನ ಕೈಬಿಡಲಿ ಹೇಳಿ?

ಕುರಿ ವಿಷಯ ಬಂದಾಗ ನನಗೆ ಇನ್ನೊಂದು ನೆನಪಾಗುತ್ತೆ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸೋದು. ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಕುರಿಗಾಹಿಗಳು ಸಂಸಾರ, ಕೋಳಿ, ನಾಯಿ, ಕುದುರೆ ಸಮೇತ ಬಂದು ಬೀಡು ಬಿಡ್ತಾರೆ. ರಾತ್ರಿಯಿಡೀ ಮಂದೆ ಹೊಲದಲ್ಲಿ ಮಲಗಿದರೆ ಗೊಬ್ಬರ ತಾನಾಗಿ ಬಿತ್ತು. ಅದಕ್ಕೆ ರೈತ ಕಾಳೋ ಕಾಸೋ ಕೊಡ್ತಾನೆ. ಮುಂದಿನ ಬೆಳೆಗೆ ಆ ತುಂಡು ಹೊಲ ಕಣ್ಣಿಗೆ ಹೊಡೆಯೋ ಹಸಿರು. ಅಂದರೆ, ನಾನು ಉಣ್ಣೋ ಜೋಳ-ರಾಗಿಯಲ್ಲೂ ಕುರಿ ಇದೆ. ಆ ಕುರಿಯನ್ನ ಕುರುಬರು ಸಾಕೋದು ಮಾರೋದಕ್ಕೇ. ಮಾರದೆ ಅವರ ಸಂಸಾರ ನಡೆಯೋದು ಹೇಗೆ? 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲೇ 1 ಕೋಟಿ 10 ಲಕ್ಷ ಕುರಿ ಇವೆ. ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ನನಗೆ ಮಾಂಸದ ಜತೆ ಏನೂ ಸಂಬಂಧ ಇಲ್ಲ ಅಂತ ಕೈ ತೊಳೆದುಕೊಳ್ಳೋದು ಅಷ್ಟು ಸುಲಭ ಅಲ್ಲ.

ಮಂದೆಯಲ್ಲಿ ಮುನ್ನೂರು ಕುರಿ ಇದ್ದರೂ ಯಾವ ಮರಿ ಯಾವ ತಾಯಿಯದು ಅಂತ ಕುರಿಗಾಹಿ ಕತ್ತಲಲ್ಲೂ ಹೇಳ್ತಾನೆ. ಅವನು ಗುರುತಿಸೋದು ಸರಿ, ಕುರಿಗಳೂ ಗುರುತಿಸುತ್ತವೆ ಅನ್ನೋದು ನಿಮಗೆ ಗೊತ್ತಾ? ಇಂಗ್ಲೆಂಡಿನ ಬೇಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪರೀಕ್ಷೆ ಮಾಡಿ ತೋರಿಸಿದರು: ಕುರಿಗಳು 50 ಬೇರೆ ಬೇರೆ ಕುರಿಗಳ ಮುಖವನ್ನ ಎರಡು ವರ್ಷ ಆದರೂ ಮರೆಯೋಲ್ಲ ಅಂತ. ಕೀತ್ ಕೆಂಡ್ರಿಕ್ ಅಂತ ಆ ತಂಡದವರು. ಹಿಂದೆ ಮುಂದೆ ನೋಡದೆ ನಡೆಯೋರನ್ನ ಕುರಿ ಅಂತ ಬೈದುಬಿಡ್ತೀವಿ. ಅದು ಮಾತ್ರ ನಮ್ಮ ಮುಖ ನೆನಪಿಟ್ಟುಕೊಂಡು ಕೂತಿರುತ್ತೆ. ಬೇಲಿ ಹತ್ತಿರ ನಾನು ಹೋದ ಕೂಡಲೇ ಎದ್ದು ನಿಲ್ಲುತ್ತಲ್ಲ, ಸೊಪ್ಪಿಗೆ ಅಂತಲೇ ಇರಲಿ, ನನ್ನನ್ನ ಗುರುತು ಹಿಡಿದು ತಾನೇ?

ಆದರೂ ಒಂದು ಮಾತು ಹೇಳ್ತೀನಿ. ಕುರಿ ಬಿಸಿಲು ಕಂಡಿರುತ್ತೆ, ಮಳೆಯಲ್ಲಿ ನೆಂದಿರುತ್ತೆ, ತಾಯಿ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿದಿರುತ್ತೆ, ಜಗಳ ಆಡಿರುತ್ತೆ. ಕುರಿ ಅಂತ ಹುಟ್ಟಿ ಕುರಿ ಆಗಿ ಬದುಕಿರುತ್ತೆ. ನನಗೆ ನಿದ್ದೆ ಕೆಡಿಸೋದು ಕುರಿಗಿಂತ ಹೆಚ್ಚಾಗಿ ಕೋಳಿ. ಅದೂ ಫಾರಂ ಕೋಳಿ.

ನಮ್ಮೂರ ಹೊರಗೆ ಟಾರು ರಸ್ತೆ ಪಕ್ಕ ಉದ್ದುದ್ದ ಶೆಡ್ಡುಗಳು ಎದ್ದಿವೆ. ಮೊದಲು ರೇಷ್ಮೆ ಮನೆ ಇದ್ದ ಜಾಗ. ಪರಿಚಯದ ರೈತರೊಬ್ಬರದು ಒಂದು ಶೆಡ್ಡು. ವ್ಯವಸ್ಥೆ ನಿಮಗೂ ಗೊತ್ತು: ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ಮೈಮುರಿಯೋ ದುಡಿಮೆ ರೈತನದು. ಕೊನೆಗೆ ತೂಗಿ ಕೇಜಿಗಿಷ್ಟು ಅಂತ ಸಾಕಾಣಿಕೆ ಕೂಲಿ. ಒಂದು ದಿನದ ಮರಿ ಬರುವಾಗ 40 ಗ್ರಾಂ ತೂಕ. 40 ದಿನಕ್ಕೆ 2 ಕೇಜಿ! ಸಂಖ್ಯೆ ಕೇಳಿದಾಗ ಇಷ್ಟೇನಾ ಅನ್ನಿಸುತ್ತೆ, ಒಳಗೆ ಹೋಗಿ ನೋಡಬೇಕು. ಭತ್ತದ ಹೊಟ್ಟು ಹಾಸಿದ ನೆಲ, ಕಣ್ಣು ಉರಿಸೋ ಅಮೋನಿಯಾ ವಾಸನೆ, ಗೋಡೆಯಿಂದ ಗೋಡೆಗೆ ಬರೀ ಬಿಳಿ. ಹೆಜ್ಜೆ ಇಟ್ಟರೆ ಪಕ್ಕಕ್ಕೆ ಸರಿಯುತ್ತವೆ. ಆದರೆ ಎದ್ದು ಓಡೋದಿಲ್ಲ, ಎರಡು ಹೆಜ್ಜೆ ಇಟ್ಟು ಎದೆ ಊರಿ ಕೂತುಬಿಡುತ್ತವೆ. ಮೈ ಬೆಳೆದಷ್ಟು ವೇಗಕ್ಕೆ ಕಾಲು ಬೆಳೆದಿರೋದಿಲ್ಲ. ಅದಕ್ಕಿಂತ ನನ್ನನ್ನ ಅಲ್ಲಾಡಿಸಿದ್ದು ಸದ್ದು. ಅಷ್ಟು ದಪ್ಪ ಕೋಳಿಗಳು ಕೊಕ್ಕೊಕ್ಕೋ ಅನ್ನಬೇಕು ತಾನೇ? ಇಲ್ಲ. ಚಿಂವ್ ಚಿಂವ್ ಅಂತವೆ. ಮೈ ದೊಡ್ಡ ಕೋಳಿಯದು, ದನಿ ಇನ್ನೂ ಮರಿಯದೇ.

ನಾಟಿ ಕೋಳಿ ಮರಿ ಅಷ್ಟು ದಿನಕ್ಕೆ ಎಲ್ಲಿರುತ್ತೆ ಹೇಳಿ? ತಾಯಿ ಹಿಂದೆ ಹಿತ್ತಲಲ್ಲಿ. ಗೆದ್ದಲು ಸಿಕ್ಕಿದರೆ ತಾಯಿ ಒಂದು ಥರ ಕೂಗುತ್ತೆ, ಹದ್ದು ಕಂಡರೆ ಇನ್ನೊಂದು ಥರ. ಎರಡರ ವ್ಯತ್ಯಾಸ ಮರಿಗೆ ಅಷ್ಟು ಹೊತ್ತಿಗೆ ಪಾಠ ಆಗಿರುತ್ತೆ. ಮೊಟ್ಟೆಯೊಳಗೆ ಇರುವಾಗಲೇ, ಇನ್ನೇನು ಒಡೆಯಬೇಕು ಅನ್ನೋ ಹೊತ್ತಲ್ಲಿ, ಮರಿ ಒಳಗಿಂದ ಚಿಂವ್ ಅನ್ನುತ್ತೆ, ತಾಯಿ ಹೊರಗಿಂದ ಉತ್ತರ ಕೊಡುತ್ತೆ. ಹೇಂಟೆ ಕಾವು ಕೂತಿದ್ದಾಗ ಕಿವಿ ಕೊಟ್ಟು ಕೇಳಿದೋರಿಗೆ ಇದು ಗೊತ್ತು. ಫಾರಂ ಮರಿಗೆ ಉತ್ತರ ಕೊಡೋಕೆ ಯಾರೂ ಇಲ್ಲ. 21 ದಿನ ಯಂತ್ರದ ಕಾವು, ಆಮೇಲೆ ಬಲ್ಬಿನ ಕಾವು. ಅವುಗಳ ತಂದೆ-ತಾಯಿಯ ಕಥೆ ಇನ್ನೂ ಕಷ್ಟದ್ದು. ಮೊಟ್ಟೆ ಇಡೋವರೆಗೆ ಅವು ಬದುಕಿರಬೇಕಲ್ಲ, ಹೊಟ್ಟೆ ತುಂಬ ಹಾಕಿದರೆ ಮೈ ಬೆಳೆದು ಸತ್ತೇ ಹೋಗುತ್ತವೆ ಅಂತ ಅಳೆದು ತೂಗಿ ಹಸಿವಿನಲ್ಲೇ ಇಡ್ತಾರೆ. ಆ ರೈತರನ್ನ ನಾನು ದೂರೋದಿಲ್ಲ. ಸಾಲ ಮಾಡಿ ಶೆಡ್ಡು ಕಟ್ಟಿದ್ದಾರೆ, ಬೇಸಿಗೆ ಧಗೆಗೆ ಕೋಳಿ ಸತ್ತರೆ ರಾತ್ರಿಯೆಲ್ಲ ಮಾಡಿಗೆ ನೀರು ಹೊಡೀತಾ ನಿಲ್ತಾರೆ. ಆದರೆ ಇಂಥ ಬದುಕನ್ನ ಒಂದು ಜೀವಕ್ಕೆ ಲೆಕ್ಕ ಹಾಕಿ ರೂಪಿಸಿದ್ದಾರಲ್ಲ, ಅದನ್ನ ಒಪ್ಪೋಕೆ ನನ್ನಿಂದ ಸಾಧ್ಯವೇ ಇಲ್ಲ.

ಆಮೇಲೆ ಭಾನುವಾರ ಬೆಳಗ್ಗೆ ಬೈಕಿನ ಹ್ಯಾಂಡಲ್ಲಿಗೆ ಕೋಳಿಗಳ ಕಾಲು ಕಟ್ಟಿ ತಲೆ ಕೆಳಗೆ ಮಾಡಿ ನೇತುಹಾಕಿಕೊಂಡು ಹೋಗ್ತಾರಲ್ಲ, ಎರಡೂ ಕಡೆ ಗೊಂಚಲು ಗೊಂಚಲು. ಕತ್ತು ಎತ್ತಿ ಎತ್ತಿ ಸೋತು, ಕೊನೆಗೆ ಚಕ್ರದ ಪಕ್ಕ ತೂಗಾಡ್ತಾ ಇರುತ್ತವೆ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಪಕ್ಕ ನಿಂತರೆ ಒಂದೊಂದರ ಕಣ್ಣೂ ಕಾಣುತ್ತೆ. ತಿನ್ನೋದು ತಿನ್ನಿ ಸ್ವಾಮಿ, ಒಂದು ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗೋಕೆ ಏನು ಕಷ್ಟ? ಇದಕ್ಕೆ ಕಾನೂನು ಇಲ್ಲ ಅಂದುಕೊಂಡಿದ್ದೀರಾ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ ಹಿಂದೆ ನಿಂತಿದ್ದೋರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್, ಮದರಾಸಿನ ಕಲಾಕ್ಷೇತ್ರ ಕಟ್ಟಿದೋರು. 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ ಆಗಿ ಹೋದ ಮೇಲೆ ಅವರು ಹಿಡಿದ ಹಠ ಇದು. ಖಾಸಗಿ ಮಸೂದೆ ತಂದರು, ಸರ್ಕಾರವೇ ಕಾಯ್ದೆ ತರುತ್ತೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ವಾಪಸು ತಗೊಂಡರು. ನೋವಾಗೋ ರೀತಿ ಪ್ರಾಣಿಗಳನ್ನ ಸಾಗಿಸಬಾರದು ಅಂತ 11ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಐವತ್ತು ರೂಪಾಯಿ ಅಂದರೆ ಒಂದು ತೂಕ ಇತ್ತು. ಇವತ್ತು ಅದರಲ್ಲಿ ಅರ್ಧ ಕೇಜಿ ಕೋಳಿ ಬರೋದೂ ಅನುಮಾನ. ಆ ಮೊತ್ತವನ್ನ ಬದಲಾಯಿಸಿ ಅಂತ ಎಷ್ಟೋ ವರ್ಷದಿಂದ ಕೇಳ್ತಾನೇ ಇದ್ದಾರೆ. ಈ ಒಂದು ವಿಷಯದಲ್ಲಿ ಮಾಂಸಾಹಾರಿ, ಸಸ್ಯಾಹಾರಿ ಎಲ್ಲ ಸೇರಿ ನಮ್ಮ ನಮ್ಮ ಎಂಪಿಗಳಿಗೆ ಒಂದೊಂದು ಕಾಗದ ಬರೆಯಬಹುದಲ್ವಾ?

ಜಾತ್ರೆಯಲ್ಲಿ ಬಣ್ಣದ ಕೋಳಿ ಮರಿ ಮಾರ್ತಿದ್ದರಲ್ಲ, ನೆನಪಿದೆಯಾ? ಗುಲಾಬಿ, ಹಸಿರು, ನೀಲಿ ಬಣ್ಣ ಅದ್ದಿದ್ದು. ಕೊಡಿಸು ಅಂತ ಮಕ್ಕಳು ಬೀದಿಯಲ್ಲೇ ಹೊರಳಾಡೋರು. ಮನೆಗೆ ತಂದ ಮೂರ್ನಾಲ್ಕು ದಿನಕ್ಕೆ ಸತ್ತು ಹೋಗಿ, ಹಿತ್ತಲಲ್ಲಿ ಗುಂಡಿ ತೋಡಿ, ಹೂ ಹಾಕಿ, ಊಟ ಬಿಟ್ಟು ಅಳೋದು. ನಮ್ಮ ಬೀದಿಯ ಎಲ್ಲ ಮನೆಯಲ್ಲೂ ಇದೊಂದು ಶೋಕ ನಡೆದಿದೆ. ಆ ಮರಿಗಳು ಎಲ್ಲಿಂದ ಬರ್ತಿದ್ದವು ಅಂತ ತಿಳಿದದ್ದು ತೀರಾ ಈಚೆಗೆ. ಮೊಟ್ಟೆ ಕೋಳಿಯ ತಳಿಯಲ್ಲಿ ಗಂಡು ಹುಟ್ಟಿದರೆ ಮೊಟ್ಟೆ ಇಡೋಲ್ಲ, ಮಾಂಸಕ್ಕೂ ಲಾಭ ಇಲ್ಲ. ಹುಟ್ಟಿದ ದಿನವೇ ಅವನ್ನ ಬೇರೆ ಮಾಡಿ ಕೊಂದುಬಿಡ್ತಾರೆ. ಅದರಲ್ಲಿ ಒಂದಿಷ್ಟು ಬಣ್ಣ ಬಳಿಸಿಕೊಂಡು ಜಾತ್ರೆಗೆ ಬಂದದ್ದು. ಜರ್ಮನಿಯಲ್ಲಿ 2022ರ ಜನವರಿಯಿಂದ ಹೀಗೆ ಗಂಡು ಮರಿ ಕೊಲ್ಲೋದನ್ನ ನಿಷೇಧ ಮಾಡಿದರು. ಮೊಟ್ಟೆಯಲ್ಲಿ ಇರುವಾಗಲೇ ಗಂಡೋ ಹೆಣ್ಣೋ ಪತ್ತೆ ಮಾಡೋ ಯಂತ್ರ ಬಂದಿದೆ ಅಲ್ಲಿ.

ಹೆಣ್ಣು ಉಳಿಯಿತು, ಸರಿ. ಅದರ ಪಾಡೇನು? ಕಾಡುಕೋಳಿ ವರ್ಷಕ್ಕೆ ಹತ್ತೋ ಹದಿನೈದೋ ಮೊಟ್ಟೆ ಇಡುತ್ತೆ. ಈ ಕೋಳಿ ಇಡೋದು 300ಕ್ಕೂ ಮೇಲೆ. ತಂತಿ ಗೂಡಿನಲ್ಲಿ ಅದಕ್ಕೆ ಸಿಗೋ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ಅಲ್ಲೇ ನಿಂತು, ಅಲ್ಲೇ ಮಲಗಿ. ರೆಕ್ಕೆ ಬಿಚ್ಚೋ ಹಾಗಿಲ್ಲ. ಕೋಳಿ ಮಣ್ಣಿನಲ್ಲಿ ಗುಳಿ ಮಾಡಿಕೊಂಡು ಹೊರಳೋದನ್ನ ನೋಡಿದ್ದೀರಲ್ಲ? ಮಧ್ಯಾಹ್ನದ ಬಿಸಿಲಿಗೆ ಗರಿಯೆಲ್ಲ ಉಬ್ಬಿಸಿಕೊಂಡು, ಒಂದು ಮಗ್ಗುಲಾಗಿ ಬಿದ್ದು, ಕಾಲಲ್ಲಿ ಧೂಳು ಎರಚಿಕೊಂಡು, ಕಣ್ಣು ಅರೆ ಮುಚ್ಚಿ. ಆಮೇಲೆ ಎದ್ದು ಜಾಡಿಸಿತು ಅಂದರೆ ಒಂದು ಮೋಡ ಧೂಳು! ಆ ಸುಖ ಗೂಡಿನ ಕೋಳಿಗೆ ಜನ್ಮದಲ್ಲಿ ಒಂದು ದಿನವೂ ಇಲ್ಲ. 2017ರಲ್ಲಿ ಕಾನೂನು ಆಯೋಗದವರು ತಮ್ಮ 269ನೇ ವರದಿಯನ್ನ ಪೂರ್ತಿ ಕೋಳಿಗಳಿಗೇ ಮೀಸಲಿಟ್ಟು, ಈ ಗೂಡು ಸರಿಯಲ್ಲ, ನಿಯಮ ಮಾಡಿ ಅಂತ ಕರಡನ್ನೂ ಬರೆದು ಕೊಟ್ಟರು. ಕೋಳಿಗಾಗಿ ಕಾನೂನು ಆಯೋಗ ಕೂತು ವರದಿ ಬರೆದ ದೇಶ ನಮ್ಮದು ಅನ್ನೋದೇ ನನಗೆ ಎಷ್ಟು ಹೆಮ್ಮೆ! ಅದರಲ್ಲಿ ಹೇಳಿದ್ದು ಪೂರ್ತಿ ಜಾರಿಗೆ ಬರಲಿ ಅಂತ ಅಷ್ಟೇ ಆಸೆ.

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ಶಾಲೆ ಮಕ್ಕಳಿಗೆ ಮೊಟ್ಟೆ ಬೇಡ ಅಂತೀರಾ?’ ಅಂತ ಕೇಳ್ತೀರಿ. ಖಂಡಿತ ಅನ್ನೋಲ್ಲ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಶುರುವಾದಾಗ ಎದ್ದ ಗಲಾಟೆ ನೆನಪಿದೆ. ರಕ್ತ ಕಡಿಮೆ ಇರೋ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆದು ನಾನು ಕೋಳಿಗೆ ದಯೆ ತೋರಿಸಿದೆ ಅಂತ ಹೇಳಿಕೊಳ್ಳೋದು ಯಾವ ಧರ್ಮ? ಮೊಟ್ಟೆ ಬೇಕಾದ ಮಗು ತಿನ್ನಲಿ, ಬಾಳೆಹಣ್ಣು ಬೇಕಾದ ಮಗು ಅದನ್ನ ತಿನ್ನಲಿ. ಆ ಮೊಟ್ಟೆ ಇಟ್ಟ ಕೋಳಿಗೆ ರೆಕ್ಕೆ ಬಿಚ್ಚೋಕೆ ಜಾಗ ಇರಲಿ. ಇವೆರಡೂ ಒಟ್ಟಿಗೆ ಆಗೋಲ್ಲ ಅಂತ ಯಾರು ಹೇಳಿದ್ದು?

ಪಕ್ಕದ ಮನೆಯವರು ಒಮ್ಮೆ ಬೇಲಿ ಆಚೆಯಿಂದ ಬಟ್ಟೆ ಹಿಂಡ್ತಾ ಕೇಳಿದರು: ‘ಅಲ್ಲ, ನಿಮ್ಮ ಹಾಲು-ತುಪ್ಪದ ಕಥೆ ಏನು?’ ನ್ಯಾಯವಾದ ಪ್ರಶ್ನೆ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟೋದರಲ್ಲಿ ಅರ್ಧ ಹೋರಿ. ಹಿಂದೆ ನೇಗಿಲಿಗೆ, ಗಾಡಿಗೆ ಆಗ್ತಿದ್ದವು. ಹಳ್ಳಿಕಾರ್ ಹೋರಿ ಅಂದರೆ ಮನೆಮಗನ ಮರ್ಯಾದೆ. ಈಗ ಟ್ರ್ಯಾಕ್ಟರ್, ಟಿಲ್ಲರ್. ಎಚ್‌ಎಫ್ ಅನ್ನೋ ಸೀಮೆ ಹಸುವಿನ ಹೋರಿ ಕರು ಉಳುಮೆಗೂ ಒಗ್ಗೋಲ್ಲ. 2024ರಲ್ಲಿ ಕೆಎಂಎಫ್ ದಿನಕ್ಕೆ 1 ಕೋಟಿ ಲೀಟರ್ ಹಾಲು ದಾಟಿತು ಅಂತ ಸಂಭ್ರಮ ಪಟ್ಟೆವು, ಸಂಭ್ರಮ ಪಡಬೇಕಾದ್ದೇ, ಎಷ್ಟೋ ಹೆಣ್ಣುಮಕ್ಕಳ ಸಂಸಾರ ಅದರಿಂದ ನಿಂತಿದೆ. ಆದರೆ ಅಷ್ಟು ಹಾಲಿನ ಹಿಂದೆ ಎಷ್ಟು ಹೋರಿ ಕರು ಹುಟ್ಟಿರಬೇಕು? ಅವೆಲ್ಲಿ ಹೋದವು? 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಹಸು, ಹೋರಿ, ಎತ್ತು ಯಾವುದನ್ನೂ ಕಡಿಯೋ ಹಾಗಿಲ್ಲ. ರೈತ ಸಾಕೋಕೆ ಆಗದೆ ದೇವಸ್ಥಾನದ ಹತ್ತಿರ, ರಸ್ತೆ ಪಕ್ಕ ಬಿಟ್ಟು ಹೋಗ್ತಾನೆ. ತಾಯಿ ಹಾಲು ನಮ್ಮ ಕಾಫಿಗೆ ಬಂತು, ಕರು ಬೀದಿಗೆ ಬಂತು. ಪುಣ್ಯಕೋಟಿಯ ಕಥೆ ಕೇಳಿ ಕಣ್ಣೀರು ಹಾಕಿ ಬೆಳೆದವರಲ್ವಾ ನಾವು? ಆ ಹಸು ಹುಲಿ ಹತ್ತಿರ ಅಪ್ಪಣೆ ಕೇಳಿ ಓಡಿ ಬಂದದ್ದೇ ಕರುವಿಗೆ ಒಂದು ಸಲ ಹಾಲು ಕುಡಿಸೋಕೆ. ನಾನು ಈಗ ಹಾಲು ತಗೊಳ್ಳೋದು ಒಂದೇ ಮನೆಯಿಂದ. ಅವರು ಕರುವಿಗೆ ಒಂದು ಮೊಲೆ ಬಿಟ್ಟು ಕರೀತಾರೆ, ಹೋರಿಗಳನ್ನ ಬೆಳೆಸಿ ಗೊಬ್ಬರಕ್ಕೆ ಅಂತ ಇಟ್ಟುಕೊಂಡಿದ್ದಾರೆ. ರೇಟು ಜಾಸ್ತಿ. ಜಾಸ್ತಿ ಇರಲೇಬೇಕು, ಸಸ್ಯಾಹಾರಿ ಅನ್ನಿಸಿಕೊಂಡೋರು ಆ ಕರುವಿನ ಹುಲ್ಲಿನ ಲೆಕ್ಕ ಕೊಡಬೇಕಾದ್ದು ನ್ಯಾಯ.

ಮಗಳು ಬೆಂಗಳೂರಿನಿಂದ ಬರುವಾಗ ಸೋಯಾದಲ್ಲಿ ಮಾಡಿದ ಕೋಳಿ ಕಾಲು ತಂದಿದ್ದಳು, ಒಳಗೆ ಮೂಳೆ ಬದಲು ಕಡ್ಡಿ ಚುಚ್ಚಿದ್ದು. ಅದನ್ನ ತಟ್ಟೆಯಲ್ಲಿ ನೋಡಿದ ಕೂಡಲೇ ನನಗೆ ಜನ್ನ ನೆನಪಾದ. 1209ರ ‘ಯಶೋಧರ ಚರಿತೆ’. ಕೆಟ್ಟ ಕನಸಿನ ಶಾಂತಿಗೆ ಕೋಳಿ ಬಲಿ ಕೊಡು ಅಂತ ತಾಯಿ ಹೇಳ್ತಾಳೆ, ಮಗ ಒಪ್ಪಲ್ಲ, ಕೊನೆಗೆ ಹಿಟ್ಟಿನ ಹುಂಜ ಮಾಡಿ ಕತ್ತಿ ಎತ್ತುತ್ತಾನೆ. ಆ ಹಿಟ್ಟಿನ ಹುಂಜ ಕೂಗಿಬಿಡುತ್ತೆ! ಅಷ್ಟಕ್ಕೇ ತಾಯಿ-ಮಗ ಇಬ್ಬರಿಗೂ ಪ್ರಾಣಿ ಜನ್ಮ ಒಂದರ ಮೇಲೊಂದು. ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಸಾಯ್ತಾರೆ. ಕಾರ್ನಾಡರು ಅದನ್ನೇ ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. ಎಂಟುನೂರು ವರ್ಷದ ಹಿಂದೆ ಕನ್ನಡದ ಕವಿಯೊಬ್ಬ ಕೊಲ್ಲೋ ಮನಸ್ಸಿನ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ್ದ ಅಂದರೆ ಮೈ ಜುಮ್ಮೆನ್ನುತ್ತೆ. ಮಗಳು ‘ಹಾಗಾದರೆ ನೀನು ಇದನ್ನ ತಿನ್ನಲ್ವಾ?’ ಅಂದಳು. ತಿಂದೆ. ಇದನ್ನ ಮಾಡಿದೋರ ಕೈಯಲ್ಲಿ ಕತ್ತಿ ಇಲ್ಲ, ಉದ್ದೇಶ ಕೋಳಿ ಉಳಿಸೋದು. ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲೂ ಹಿಂದೆ ಕೋಣ ಕಡೀತಿದ್ದರು, ಗಾಂಧೀಜಿ ಕಾಲಕ್ಕೆ ನಿಂತಿತು. ಪಟ್ಟದ ಕೋಣ ಈಗಲೂ ಇದೆ, ಜನರ ಪೂಜೆ ತಗೊಂಡು ಆರಾಮಾಗಿ ಓಡಾಡಿಕೊಂಡಿದೆ. ಜಾತ್ರೆಗೆ ಒಂದಿಷ್ಟೂ ಕಳೆ ಕಮ್ಮಿ ಆಗಿಲ್ಲ.

ಅಂದ ಹಾಗೆ, ಪಕ್ಕದ ಮನೆಯವರು ಫಾರಂ ಕೋಳಿ ತರೋದನ್ನ ನಿಲ್ಲಿಸಿದ್ದಾರೆ. ನನ್ನ ಮಾತಿಗಲ್ಲ, ಅಜ್ಜಿಗೆ ಅದರ ಸಾರು ಸಪ್ಪೆ ಅಂತೆ. ನಾಲ್ಕು ನಾಟಿ ಹೇಂಟೆ, ಒಂದು ಹುಂಜ ತಂದಿದ್ದಾರೆ. ‘ಬೇಲಿ ನುಸುಳಿ ನಿಮ್ಮ ಕಡೆ ಬಂದು ಕೆದಕ್ತವೆ, ಪರವಾಗಿಲ್ವಾ?’ ಅಂತ ಕೇಳಿದರು. ಕೆದಕಲಿ, ಕೋಳಿ ಕೆದಕದೆ ಇನ್ನೇನು ಮಾಡುತ್ತೆ? ಕರಿಬೇವಿನ ಸಸಿ ಬುಡಕ್ಕೆ ಮುಳ್ಳು ಸುತ್ತಿದ್ದೀನಿ ಆಗಲೇ. ಮೊಟ್ಟೆ ಕೊಡೋಕೆ ಬಂದರು, ಅದು ಮಕ್ಕಳಿಗೇ ಇರಲಿ, ಈಚೆ ಬಿದ್ದ ಗೊಬ್ಬರ ಮಾತ್ರ ನನ್ನದು ಅಂದೆ. ಒಪ್ಪಿದ್ದಾರೆ.